ಗ್ಯಾಲರಿಯ ಹಿಂದಿನ ಪಾಂಡವರು

ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ನನ್ನ ಮೊಣಕಾಲಿಗೆ ಮೊದಲು ಗೊತ್ತಾಗುತ್ತದೆ. ಸಜ್ಜೆ ರೊಟ್ಟಿ ಬಡಿಯಬೇಕು, ಶೇಂಗಾ ಹೋಳಿಗೆ ಮಾಡಬೇಕು, ಕಡುಬು ಕುದಿಸಬೇಕು, ಸೊಪ್ಪು ಕಾಳು ಕೂಡಿಸಿ ಭಜ್ಜಿ ಮಾಡಬೇಕು, ಅದನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಹೊತ್ತುಕೊಂಡು ಹೊಲಕ್ಕೆ ಹೋಗಬೇಕು. ನಮ್ಮ ಕಡೆ ಎಲ್ಲರೂ ಮಾಡುವುದೇ ಇದು. ಹಿಂಗಾರಿ ಬೆಳೆ ಎದ್ದು ನಿಂತಿರುವ ಕಾಲ. ಭೂಮಿ ಬಸುರಿ ಎಂದು ಲೆಕ್ಕ. ಬಸುರಿಗೆ ಬಯಕೆಯ ಊಟ ಕೊಡುವ ಹಾಗೆ ಹೊಲಕ್ಕೂ ಕೊಡುತ್ತೇವೆ. ಮಾಡಿದ್ದರಲ್ಲಿ ಒಂದೊಂದು ತುತ್ತು ಕಲಸಿ, ಹೊಲದ ಸುತ್ತ ನಡೆಯುತ್ತ ಚೆಲ್ಲುತ್ತೇವೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಆಮೇಲೆ ಅಲ್ಲೇ ಕೂತು ಉಣ್ಣುತ್ತೇವೆ.

ಇದರಲ್ಲಿ ಹೊಸದೇನೂ ಇಲ್ಲ. ನನ್ನ ತೊಂದರೆ ಏನೆಂದರೆ, ನಾನು ಚರಗ ಚೆಲ್ಲುವ ಹೊಲ ಈಗ ಹೊಲವಲ್ಲ. ಕ್ರಿಕೆಟ್ ಸ್ಟೇಡಿಯಂ. ಅಲ್ಲಿ ಬೆಳೆಯುವುದು ಬರೀ ಹುಲ್ಲು. ಅದನ್ನೂ ಮಶೀನು ತಂದು ಕತ್ತರಿಸುತ್ತಾರೆ, ಒಂದು ಎಮ್ಮೆಗೂ ಹಾಕುವುದಿಲ್ಲ.

ನಾನು ಬಬಲೇಶ್ವರದಿಂದ ಸೊಸೆಯಾಗಿ ಬಂದಾಗ ಅದು ನಮ್ಮ ಎರೆಹೊಲ. ಸೊಲ್ಲಾಪುರ ರಸ್ತೆಯಿಂದ ಒಳಗೆ ಬಂಡಿದಾರಿ ಹಿಡಿದು ಹೋಗಬೇಕಿತ್ತು. ಒಂದು ಮೂಲೆಯಲ್ಲಿ ಬನ್ನಿಗಿಡ, ಅದರ ಆಚೆ ಕಣ. ಗಾಳಿಗೆ ಜೋಳ ತೂರುವಾಗ ಹೊಟ್ಟು ಗೋಳಗುಮ್ಮಟದ ಕಡೆ ಹಾರಿ ಹೋಗುತ್ತಿತ್ತು. ಅಮಾವಾಸ್ಯೆಯ ದಿನ ಬನ್ನಿಗಿಡದ ಕೆಳಗೆ ಐದು ಕಲ್ಲು ತೊಳೆದು, ಸುಣ್ಣ ಬಳಿದು, ಕುಂಕುಮ ಇಟ್ಟು, ಪಾಂಡವರು ಎಂದು ಸಾಲಾಗಿ ಕೂರಿಸುತ್ತಿದ್ದೆವು. ಅವರಿಗೆ ಎಡೆ ಹಿಡಿದ ಮೇಲೆಯೇ ಚರಗ. ಪಾಂಡವರನ್ನು ದಾಟಬಾರದು, ಅವರ ಹತ್ತಿರ ಚಪ್ಪಲಿ ಹಾಕಬಾರದು. ನನ್ನ ಅತ್ತೆ ನನಗೆ ಕಲಿಸಿದ್ದು, ನಾನು ಮಕ್ಕಳಿಗೆ ಕಲಿಸಿದ್ದು ಅಷ್ಟೇ.

ಒಂದು ದಿನ ಸರಕಾರದವರು ಬಂದು ಸರಪಳಿ ಹಿಡಿದು ಅಳೆದರು. ನಮ್ಮ ಮಾವ ರಸ್ತೆ ಮಾಡುತ್ತಾರೆ ಎಂದು ತಿಳಿದ. ಆಟದ ಮೈದಾನ ಎಂದು ಅವರು ಹೇಳಿದಾಗ ಅವನಿಗೆ ನಗು ಬಂತು.

"ಆಟಕ್ಕ ಇಷ್ಟು ಜಾಗಾ ಯಾಕ್ರಿ? ಆಡಾವ್ರು ಮನಶ್ಯಾರೋ ಆನಿಗೋಳೋ?" ಎಂದ.

ಅಳೆಯುವವರೂ ನಕ್ಕರು. ನಗುನಗುತ್ತಲೇ ಹೊಲ ಹೋಯಿತು. ಪರಿಹಾರ ಬಂತು, ಅದರಲ್ಲಿ ಟಿಕೋಟಾದ ಕಡೆ ಬೇರೆ ಹೊಲ ಹಿಡಿದೆವು. ನಾವೇನೂ ಬೀದಿಗೆ ಬೀಳಲಿಲ್ಲ. ಟಿಕೋಟಾದ ಹೊಲ ಇದಕ್ಕಿಂತ ಚಲೋ ಇದೆ, ಈಗ ಅರ್ಧಕ್ಕೆ ದ್ರಾಕ್ಷಿ ಹಾಕಿದ್ದಾರೆ. ಹೋದ ಹೊಲಕ್ಕಾಗಿ ನಾನು ಒಂದು ದಿನವೂ ಅತ್ತವಳಲ್ಲ.

ಅತ್ತೆಯೂ ಅಳಲಿಲ್ಲ. ಆದರೆ ಹೊಲ ಹೋದ ವರ್ಷ ಅಮಾವಾಸ್ಯೆಗೆ ಅವಳು ಎರಡು ಬುಟ್ಟಿ ಕಟ್ಟಿದಳು.

"ಎರಡು ಯಾಕ್ರಿ ಅತ್ತಿ?" ಎಂದೆ.

"ಒಂದು ಟಿಕೋಟಾಕ. ಒಂದು ಇಲ್ಲಿಗಿ."

"ಇಲ್ಲೇನು ಬೆಳೀತೈತ್ರಿ ಇನ್ನ? ಬಸುರಿ ಇಲ್ಲ, ಬಯಕಿ ಇಲ್ಲ."

"ಬಂಜಿಗಿ ಹಸಿವು ಆಗಾಂಗಿಲ್ಲೇನು? ಹೊರು ಬುಟ್ಟಿ."

ಹೊತ್ತೆ. ಅಂದು ಹೊತ್ತಿದ್ದು ಇಂದಿಗೂ ಇಳಿದಿಲ್ಲ.

ಮೊದಲು ಅಲ್ಲಿ ಕ್ರಿಕೆಟ್ ಇರಲಿಲ್ಲ. ನೆಲ ಸಪಾಟು ಮಾಡಿ ಬಿಟ್ಟಿದ್ದರು. ಸಾಲಿ ಮಕ್ಕಳ ಕವಾಯತು, ದೊಡ್ಡವರ ಭಾಷಣ, ಒಂದು ಸಲ ಸರ್ಕಸ್ಸು, ಒಂದು ಸಲ ಯಾರದೋ ಹೆಲಿಕಾಪ್ಟರು ಇಳಿಯಿತು. ಆಮೇಲೆ ಪ್ಯಾಟಿಯ ಹುಡುಗರು ನಾರಿನ ಮ್ಯಾಟು ಸುತ್ತಿಕೊಂಡು ಸೈಕಲ್ ಮೇಲೆ ಬರತೊಡಗಿದರು. ಮ್ಯಾಟು ಹಾಸಿ ಮೂಲೆಗೆಲ್ಲ ಮೊಳೆ ಹೊಡೆಯುವರು. ನೆಲ ಗಟ್ಟಿ ಮಾಡಲು ಅವರ ಬಳಿ ಏನೂ ಇರಲಿಲ್ಲ. ನಮ್ಮ ಕಣದಲ್ಲಿ ಕಾಳು ಬಿಡಿಸಲು ಎಳೆಯುತ್ತಿದ್ದ ಕಲ್ಲಿನ ರೂಲು ಅಲ್ಲೇ ಬಿದ್ದಿತ್ತು, ಹೊತ್ತೊಯ್ಯಲಾಗದೆ ಬಿಟ್ಟಿದ್ದೆವು. ಅದನ್ನೇ ಹಗ್ಗ ಕಟ್ಟಿ ಎಳೆದರು. ಎತ್ತು ಎಳೆಯುವುದನ್ನು ಹುಡುಗರು ಎಳೆಯುವುದು ನೋಡಿ ಅತ್ತೆಗೆ ಬಹಳ ಸಂತೋಷವಾಯಿತು.

ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಬಾಲು ಬಿರುಕಿನಲ್ಲಿ ಹೋಗಿ ಕೂತರೆ ಅರ್ಧ ತಾಸು ಕೋಲು ಹಾಕಿ ಕೆದಕುವರು. ಮಳೆಗಾಲದಲ್ಲಿ ಕಾಲಿಟ್ಟರೆ ಬೂಟು ಅಲ್ಲೇ ಉಳಿಯುತ್ತಿತ್ತು. ಹಾಗಾಗಿ ಆಟವೆಲ್ಲ ಚಳಿಗಾಲಕ್ಕೆ ಬಂದು ನಿಂತಿತು. ಅಂದರೆ ನಮ್ಮ ಅಮಾವಾಸ್ಯೆಯ ಕಾಲಕ್ಕೆ.

ಆಗ ಬೌಂಡರಿಗೆ ಹಗ್ಗ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಕಲ್ಲಿಟ್ಟು ಸುಣ್ಣ ಬಳಿಯುವರು, ಅದನ್ನು ದಾಟಿದರೆ ನಾಲ್ಕು ರನ್ನು. ನಾವು ನಮ್ಮ ಮೂಲೆಯಲ್ಲಿ ಸುಣ್ಣ ಬಳಿದ ಐದು ಕಲ್ಲು ಇಟ್ಟೆವು. ಬಾಲು ಅವನ್ನು ದಾಟಿತು, ಅಲ್ಲಿ ನಿಂತ ಹುಡುಗ ಕೈಚೆಲ್ಲಿ ಸುಮ್ಮನಾದ. ಹೊಡೆದವರು ಫೋರ್ ಎಂದರು. ಇನ್ನೊಬ್ಬ ಓಡಿ ಬಂದ.

"ಏ, ಅವು ಬೌಂಡರಿ ಅಲ್ಲಲೇ. ಪಾಂಡವ್ರು."

"ಪಾಂಡವ್ರು ಯಾವ ಟೀಮಿನ್ಯಾಗ ಅದಾರಲೇ?"

"ನಿಮ್ಮ ಟೀಮಿನ್ಯಾಗ ಅಂತೂ ಇಲ್ಲ. ನಿಮ್ಮಲ್ಲಿ ಎಲ್ಲಾರೂ ಕೌರವ್ರ."

ಕಾಲರು ಹಿಡಿಯುವ ತನಕ ಹೋಯಿತು. ಬನ್ನಿಗಿಡದ ಕೆಳಗಿನಿಂದ ಅತ್ತೆ ಕೂಗಿದಳು: "ಅವ್ರು ಯಾರ ಟೀಮಿನ್ಯಾಗೂ ಇಲ್ಲ. ಬಡದಾಡಾಕ ಹೊಟ್ಟ್ಯಾಗ ಏನರ ಇರಬೇಕಲ್ಲ, ಉಣ್ಣಾಕ ಬರ್ರಿ." ಎರಡೂ ಟೀಮಿನವರು ಬಂದು ಉಂಡರು. ಬುಟ್ಟಿ ಖಾಲಿ ಮಾಡಿದರು, ನನಗೆ ಒಂದು ಕಡುಬು ಉಳಿಯಿತು. ಆ ನಾಲ್ಕು ರನ್ನು ಯಾರಿಗೆ ಹೋಯಿತೋ ಗೊತ್ತಿಲ್ಲ.

ಬರಬರುತ್ತ ಗೋಡೆ ಎದ್ದಿತು. ಬನ್ನಿಗಿಡ ಕಡಿದರು. ಗ್ಯಾಲರಿ ಕಟ್ಟಿದರು, ಎರೆಮಣ್ಣು ಉಬ್ಬಿ ಇಳಿದು ಅದು ಬಿರಿಯಿತು, ಬಿರಿದದ್ದಕ್ಕೆ ಸಿಮೆಂಟು ಮೆತ್ತಿದರು, ಮತ್ತೆ ಬಿರಿಯಿತು, ಮತ್ತೆ ಮೆತ್ತಿದರು. ಕೊರೊನಾ ಬಂದಾಗ ಕಾಯಿಪಲ್ಲೆ ಸಂತೆಯನ್ನು ಅಲ್ಲಿಗೆ ತಂದರು. ಆ ವರ್ಷ ಪಿಚ್ಚಿನ ಪಕ್ಕದಲ್ಲಿ ನಾನು ಬದನೆಕಾಯಿ ಕೊಂಡೆ. ಆಮೇಲೆ ಹುಲ್ಲು, ನೀರು ಚಿಮ್ಮುವ ಪೈಪು, ಎತ್ತರದ ದೀಪ. ಇದನ್ನೆಲ್ಲ ಬಲ್ಲವರು ಬೇರೆ ರೀತಿ ಬರೆಯಬಹುದು. ನನಗೆ ಸ್ಟೇಡಿಯಂ ಚರಿತ್ರೆ ಅಂದರೆ ಗೇಟಿನವರ ಚರಿತ್ರೆ. ಗೋಡೆ ಎದ್ದಾಗಿನಿಂದ ಎರಡು ಮೂರು ವರ್ಷಕ್ಕೊಬ್ಬ ಹೊಸಬ ಗೇಟಿಗೆ ಬರುತ್ತಾನೆ. ಬಂದವನು ಕೇಳುತ್ತಾನೆ, "ಯಾರು ಬೇ ನೀ? ಬುಟ್ಟ್ಯಾಗ ಏನೈತಿ?" ನಾನು ಹೊಲ, ಅತ್ತೆ, ಅಮಾವಾಸ್ಯೆ ಎಂದು ಮೊದಲಿಂದ ಹೇಳಬೇಕು. ಹೇಳಿ ಹೇಳಿ ಬಾಯಿ ಸೋತಿದೆ. ಕೆಲವರು ಒಳಗೆ ಬಿಟ್ಟಿದ್ದಾರೆ, ಕೆಲವರಿಗೆ ಮೊದಲು ಹೋಳಿಗೆ ಕೊಡಬೇಕಾಗಿದೆ.

ಅತ್ತೆ ಹಾಸಿಗೆ ಹಿಡಿದಾಗ ನಾನು ಕೇಳಿಯೇಬಿಟ್ಟೆ.

"ಆ ಬುಟ್ಟಿ ಎಲ್ಲಿತನಕಾ ಹೊರಬೇಕ್ರಿ ಅತ್ತಿ?"

ಅವಳು ವಿಚಾರ ಮಾಡಿ ಹೇಳಿದಳು: "ನಮ್ಮ ಮನಿಯವ್ರ ಕಾಲು ಆ ನೆಲದ ಮ್ಯಾಲ ಬೀಳೂದು ನಿಂದ್ರೂತನಕಾ."

ನನಗೆ ಸಮಾಧಾನವಾಯಿತು. ನನ್ನ ಗಂಡ ಟಿಕೋಟಾ ಬಿಟ್ಟು ಕದಲುತ್ತಿರಲಿಲ್ಲ, ಈಗ ಅವನೂ ಇಲ್ಲ. ಮಗನಿಗೆ ಸೊಲ್ಲಾಪುರ ರಸ್ತೆಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ, ಆಟ ನೋಡಲು ಪುರುಸೊತ್ತಿಲ್ಲ. ಬೀಳುವ ಕಾಲು ನನ್ನದೊಂದೇ. ಅದು ನಿಂತ ದಿನ ಬುಟ್ಟಿಯೂ ನಿಲ್ಲುತ್ತದೆ ಎಂದುಕೊಂಡೆ.

ಅಷ್ಟರಲ್ಲಿ ಮೊಮ್ಮಗಳು ಬಂದಳು. ಮಗನ ಮಗಳು. ಸಣ್ಣವಳಿದ್ದಾಗ ಚರಗಕ್ಕೆ ಜೊತೆಗೆ ಕರೆದೊಯ್ದೆ, ಅಲ್ಲಿಂದಲೇ ಎಲ್ಲ ಶುರುವಾದದ್ದು. ಅಲ್ಲಿ ಹುಡುಗಿಯರು ಪ್ಯಾಂಟು ಹಾಕಿಕೊಂಡು ಬಾಲು ಒಗೆಯುವುದನ್ನು ನೋಡಿ ಬಾಯಿ ತೆರೆದು ನಿಂತಳು. ಮನೆಗೆ ಬಂದು ಬಟ್ಟೆ ಒಗೆಯುವ ಕಲ್ಲಿಗೆ ಗುರಿಯಿಟ್ಟು ನಿಂಬೆಹಣ್ಣು ಒಗೆದಳು. ಆಮೇಲೆ ನಿಲ್ಲಲಿಲ್ಲ. ಈಗ ಕಾಲೇಜಿಗೆ ಹೋಗುತ್ತಾಳೆ, ದಿನಾ ಮುಂಜಾನೆ ಮೈದಾನದಲ್ಲಿ ಇರುತ್ತಾಳೆ. ನಮ್ಮ ಮನೆಯ ಕಾಲು ಆ ನೆಲದ ಮೇಲೆ ವರ್ಷಕ್ಕೊಮ್ಮೆ ಬೀಳುತ್ತಿದ್ದದ್ದು ದಿನಾ ಬೀಳತೊಡಗಿತು. ಅತ್ತೆ ಎಲ್ಲಿದ್ದಾಳೋ ಅಲ್ಲಿಂದ ನಗುತ್ತಿರಬೇಕು. ಮೈದಾನ ಸುತ್ತಲು ನನ್ನ ಕಾಲು ಒಲ್ಲೆ ಎಂದ ಮೇಲೆ ಚರಗ ಚೆಲ್ಲುವವಳೂ ಅವಳೇ. ನಾನು ಗ್ಯಾಲರಿಯ ಮೆಟ್ಟಿಲ ಮೇಲೆ ಕೂರುತ್ತೇನೆ.

ಈ ವರ್ಷ ಅಮಾವಾಸ್ಯೆಯ ದಿನವೇ ಆಯ್ಕೆಯ ಮ್ಯಾಚು ಬಂತು. ಅದರಲ್ಲಿ ಆರಿಸಿದವರು ಹುಬ್ಬಳ್ಳಿಗೆ ಹೋಗಿ, ಹಾಸ್ಟೆಲಿನಲ್ಲಿದ್ದು, ಅಲ್ಲಿಯ ಟೀಮಿಗೆ ಆಡಬೇಕು. ಮೊಮ್ಮಗಳದು ತಿಂಗಳುಗಟ್ಟಲೆ ಅದೇ ಮಾತು, ಅದೇ ಓಟ. ನಾನೂ ಲೆಕ್ಕ ಹಾಕಿದೆ. ಅವಳು ಹುಬ್ಬಳ್ಳಿಗೆ ಹೋದರೆ ಅವಳ ಕಾಲು ಇಲ್ಲಿಂದ ಹೋಯಿತು, ನನ್ನ ಕಾಲು ಹೇಗೂ ಸೋತಿದೆ. ಬುಟ್ಟಿ ಇಳಿಸಬಹುದು. ಅವಳು ಆಯ್ಕೆಯಾಗಲಿ ಎಂದು ದೇವರ ಮುಂದೆ ದಿನಾ ಕೈಮುಗಿದೆ. ಅರ್ಧ ಅವಳಿಗಾಗಿ, ಅರ್ಧ ನನ್ನ ಮೊಣಕಾಲಿಗಾಗಿ.

ಸೊಸೆಗೆ ಸಿಟ್ಟು ಬಂದಿತ್ತು. ಅವರೆಲ್ಲ ಟೆಂಪೋ ಮಾಡಿಕೊಂಡು ಟಿಕೋಟಾದ ಹೊಲಕ್ಕೆ ಹೊರಟಿದ್ದರು.

"ಮ್ಯಾಚಿನ ದಿವಸರ ಈ ಬುಟ್ಟಿ ಬಿಡ್ರಲಾ ಅತ್ತಿ. ಹುಡುಗಿ ತಲ್ಯಾಗ ಎಷ್ಟಂತ ಇಟ್ಕೋಬೇಕು?"

"ನಿನ್ನ ಮಗಳು ಆಟ ಬಿಡ್ಲಿ, ನಾ ಬುಟ್ಟಿ ಬಿಡ್ತೀನಿ," ಎಂದೆ.

ಅವಳು ಮುಖ ತಿರುವಿ ಟೆಂಪೋ ಹತ್ತಿದಳು.

ನಾವಿಬ್ಬರೂ ಬಿಸಿಲೇರುವ ಮೊದಲೇ ಮೈದಾನಕ್ಕೆ ಹೋದೆವು. ಮೈದಾನ ನೋಡಿಕೊಳ್ಳುವವನು ಅರಕೇರಿಯವನು. ನೀರು ಬಿಡುವುದು, ಗೆರೆ ಹೊಡೆಯುವುದು, ಹಗ್ಗ ಹಾಕುವುದು ಎಲ್ಲ ಅವನೇ. ಅಮಾವಾಸ್ಯೆಗೆ ಅವನ ಮನೆಯವರೆಲ್ಲ ಅರಕೇರಿಯ ಹೊಲದಲ್ಲಿರುತ್ತಾರೆ, ಅವನಿಗೆ ರಜೆ ಸಿಗುವುದಿಲ್ಲ. ಅದಕ್ಕೇ ನನ್ನ ಬುಟ್ಟಿಯ ದಾರಿ ನೋಡುತ್ತಾನೆ. ಪಿಚ್ಚಿಗೆ ಗೆರೆ ಹೊಡೆಯಲು ಕಲಸಿದ ಸುಣ್ಣದಲ್ಲೇ ಒಂದಿಷ್ಟು ಮೊಮ್ಮಗಳಿಗೆ ಕೊಟ್ಟ. ಅವಳು ಬೂಟು ಬಿಚ್ಚಿಟ್ಟು, ಕಲ್ಲು ತೊಳೆದು, ಸುಣ್ಣ ಬಳಿದು, ಬನ್ನಿಗಿಡ ಇದ್ದ ಮೂಲೆಯಲ್ಲಿ ಪಾಂಡವರನ್ನು ಕೂರಿಸಿದಳು. ನಾನು ಎಡೆ ಹಿಡಿದೆ. ಚರಗ ಆಟ ಮುಗಿದ ಮೇಲೆ ಎಂದು ಮಾತಾಗಿತ್ತು. ಚರಗಕ್ಕೆ ಮೊದಲು ಉಣ್ಣಬಾರದು, ಆದರೂ ಅವಳಿಗೆ ಬಾಳೆಹಣ್ಣು ತಿನ್ನಿಸಿದೆ. ಓಡುವವಳಿಗೆ ನೇಮ ಹೇಳಿದರೆ ಆಗುತ್ತದೆಯೇ.

ಅರಕೇರಿಯವನು ಹಗ್ಗ ಎಳೆಯುತ್ತ ಅಲ್ಲಿಗೆ ಬಂದ. ಹಗ್ಗ ಸರಿಯಾಗಿ ಪಾಂಡವರ ಮೇಲೆಯೇ ಬರುತ್ತಿತ್ತು.

"ಆಯಿ, ಇವ್ರನ್ನ ಒಂದೀಟು ಬಾಜೂಕ ಇಡ್ಲೇನ್ರಿ?"

"ಅವ್ರು ಕುಂತಲ್ಲೇ ಕುಂದ್ರಬೇಕು ತಮ್ಮಾ. ಹಗ್ಗ ನಿಂದು. ಅದು ಬಾಗತೈತಿ."

ಅವನು ತಲೆ ಕೆರೆದುಕೊಂಡು ಹಗ್ಗವನ್ನು ಅಲ್ಲಿ ಒಳಕ್ಕೆ ಬಾಗಿಸಿದ. ಪಾಂಡವರು ಹಗ್ಗದ ಹೊರಗಾದರು, ಹಗ್ಗಕ್ಕೂ ಅವರಿಗೂ ನಡುವೆ ಒಂದು ಹೆಜ್ಜೆ ಜಾಗವೂ ಉಳಿಯಲಿಲ್ಲ. "ದೊಡ್ಡ ಸಾಹೇಬ್ರಿಗಿ ಇಲ್ಲೀತನಕಾ ಕಣ್ಣು ಕಾಣಾಂಗಿಲ್ಲ ಬಿಡ್ರಿ," ಎಂದ.

ಆಟ ಶುರುವಾಯಿತು. ನನಗೆ ಕ್ರಿಕೆಟ್ ತಿಳಿಯುವುದಿಲ್ಲ. ಯಾರಿಗೆ ಚಪ್ಪಾಳೆ ಬೀಳುತ್ತದೆ ಎಂದು ನೋಡುತ್ತೇನೆ. ಮೊಮ್ಮಗಳಿಗೆ ಬಹಳ ಬಿತ್ತು. ಅವಳು ಒಗೆದ ಬಾಲಿಗೆ ಕಟ್ಟಿಗೆ ಹಾರಿ ಬಿದ್ದದ್ದು ನನಗೂ ಕಾಣಿಸಿತು. ಆರಿಸಲು ಬಂದ ಸಾಹೇಬರು ಬೆಂಗಳೂರು ಕಡೆಯವರು, ಟೊಪ್ಪಿಗೆ ಹಾಕಿಕೊಂಡು ಶಾಮಿಯಾನದ ಕೆಳಗೆ ಕೂತಿದ್ದರು. ಅವಳನ್ನು ತೋರಿಸಿ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದರು. ನಾನು ಕೂತಲ್ಲೇ ಕಾಲು ಚಾಚಿದೆ. ಆಯಿತು, ಹುಬ್ಬಳ್ಳಿ ಎಂದುಕೊಂಡೆ.

ಕೊನೆಗೆ ಆಟ ಬಿಗಿಯಾಯಿತು. ಆ ಕಡೆಯವರಿಗೆ ಇನ್ನು ಸ್ವಲ್ಪವೇ ರನ್ನು ಬೇಕಿತ್ತು. ಮೊಮ್ಮಗಳನ್ನು ನಮ್ಮ ಮೂಲೆಯ ಕಡೆ ನಿಲ್ಲಿಸಿದ್ದರು. ಒಬ್ಬಳು ಜೋರಾಗಿ ಹೊಡೆದಳು, ಬಾಲು ನೆಲ ಹಿಡಿದು ಆ ಮೂಲೆಗೆ ಹೊರಟಿತು. ಇವಳು ಬೆನ್ನಟ್ಟಿ ಓಡಿದಳು. ಸಿಗುತ್ತಿತ್ತು. ಸಿಗುತ್ತದೆ ಎಂದು ನನಗೇ ಗೊತ್ತಾಗುತ್ತಿತ್ತು ಅಂದರೆ ಬಲ್ಲವರಿಗೆ ಹೇಳುವುದೇ ಬೇಡ. ಇನ್ನೇನು ಕಾಲು ಚಾಚಿ ಬೀಳಬೇಕು, ಬಿದ್ದರೆ ಆ ಓಟಕ್ಕೆ ಹಗ್ಗ ದಾಟಿ ಹೋಗುತ್ತಾಳೆ. ಹಗ್ಗದ ಆಚೆ ಪಾಂಡವರು. ಕಾಲಿನಲ್ಲಿ ಮೊಳೆಯ ಬೂಟು.

ಅವಳು ನಿಂತುಬಿಟ್ಟಳು. ದನ ಬಾವಿಯ ದಂಡೆಗೆ ಬಂದು ನಿಲ್ಲುತ್ತದಲ್ಲ, ಹಾಗೆ, ನಾಲ್ಕೂ ಕಡೆಯಿಂದ ತನ್ನನ್ನು ತಾನೇ ಹಿಡಿದುಕೊಂಡು ನಿಂತಳು. ಬಾಲು ಹಗ್ಗದ ಮೇಲೆ ಹೋಗಿ ಧರ್ಮರಾಯನಿಗೆ ಬಡಿದು ನಿಂತಿತು. ಆ ಕಡೆಯವರು ಗೆದ್ದು ಕುಣಿದರು. ಇವಳು ತನ್ನ ಬೂಟು ನೋಡುತ್ತ ಅಲ್ಲೇ ಇದ್ದಳು. ಏನಾಯಿತು ಎಂದು ತಿಳಿದವರು ನಾವು ಮೂವರು. ಅವಳು, ನಾನು, ಅರಕೇರಿಯವನು. ಅವನು ಪೈಪು ಸುತ್ತುವವನ ಹಾಗೆ ಬಗ್ಗಿಕೊಂಡ.

ಸಾಹೇಬರು ಅವಳನ್ನು ಕರೆಸಿದರು. ನಾನು ಮೆಟ್ಟಿಲಿಳಿದು ಕಟಾಂಜನದ ಕಂಬಿ ಹಿಡಿದು ನಿಂತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಯಾಕಮ್ಮಾ ನಿಂತುಬಿಟ್ಟೆ? ಡೈವ್ ಮಾಡಿದ್ರೆ ಆರಾಮಾಗಿ ಸಿಗ್ತಿತ್ತಲ್ಲ."

"ಅಲ್ಲಿ ಪಾಂಡವ್ರು ಇದ್ರು ಸರ್."

"ಯಾರಿದ್ರು?"

"ಪಾಂಡವ್ರ ಸರ್. ನನ್ನ ಕಾಲಾಗ ಬೂಟಿದ್ವು."

ಅವರು ಪಕ್ಕದವನ ಮುಖ ನೋಡಿದರು. ಪಕ್ಕದವನು ಊರವನೇ, ಅವನಿಗೆ ತಿಳಿಯಿತು, ಆದರೆ ನೆಲ ನೋಡಿದ. ಸಾಹೇಬರು ಕೆಟ್ಟವರಲ್ಲ. ಮೆತ್ತಗೇ ಹೇಳಿದರು.

"ನೋಡಮ್ಮಾ, ಬಾಲಿನ ಮೇಲೆ ಕಣ್ಣಿರೋರು ಬೇಕು ನಮಗೆ."

ಹೆಸರು ಓದಿದರು. ಅವಳದು ಬರಲಿಲ್ಲ.

ಅವಳು ಬಂದು ಮೆಟ್ಟಿಲ ಮೇಲೆ ನನಗಿಂತ ದೂರ ಕೂತಳು. ಅಳಲಿಲ್ಲ. ನಮ್ಮ ಮನೆಯ ಹೆಂಗಸರಿಗೆ ಅಳು ಲಗೂನೆ ಬರುವುದಿಲ್ಲ.

"ಒಂದು ಹೆಜ್ಜಿ ಬಾಜೂಕ ಇಟ್ಟಿದ್ರ ಏನು ಗಂಟು ಹೋಗ್ತಿತ್ತು ಆಯಿ ನಿಂದು?"

"ನೀ ದಾಟಿದ್ರ ಏನಾಗ್ತಿತ್ತು?" ಎಂದೆ. "ನಾ ಏನು ಬ್ಯಾಡಂತ ಕೂಗಿದ್ನೇನು?"

"ಸಣ್ಣಾಕಿ ಇದ್ದಾಗ ಕೂಗಿದ್ದಿ. ಅದ ಸಾಕಾತು."

ಈ ಮನೆಗೆ ಬಂದಾಗಿನಿಂದ ಮಾತಿನಲ್ಲಿ ನನ್ನನ್ನು ಸೋಲಿಸಿದವಳು ಅತ್ತೆ ಒಬ್ಬಳೇ ಇದ್ದಳು. ಈಗ ಇವಳು ಇನ್ನೊಬ್ಬಳು. ಇಬ್ಬರ ನಡುವೆ ನಾನು ಸುಮ್ಮನೆ ಬುಟ್ಟಿ ಹೊತ್ತು ಓಡಾಡಿದವಳು.

ಮೊಮ್ಮಗಳೇ ಎದ್ದಳು. ಬೂಟು ಬಿಚ್ಚಿದಳು, ಕಾಲುಚೀಲ ಬಿಚ್ಚಿ ಬೂಟಿನಲ್ಲಿ ತುರುಕಿದಳು, ಬುಟ್ಟಿ ಎತ್ತಿಕೊಂಡಳು. ಅರಕೇರಿಯವನು ಚರಿಗೆಯಲ್ಲಿ ನೀರು ತಂದು ಹಿಂದೆ ನಿಂತ. ಅವಳು ಮುಂದೆ ಚರಗ ಚೆಲ್ಲುತ್ತ, ಅವನು ಹಿಂದೆ ನೀರು ಚಿಮುಕಿಸುತ್ತ ಮೈದಾನ ಸುತ್ತಿದರು. ಚರಗ ಚೆಲ್ಲುವಾಗ ಕೂಗುವ ಕೂಗನ್ನು ಅವನೊಬ್ಬನೇ ಕೂಗಿದ. ಅವಳು ಸಿಟ್ಟಿನಲ್ಲಿ ರೊಟ್ಟಿಯ ತುಣುಕುಗಳನ್ನು ಬಾಲು ಒಗೆದ ಹಾಗೆ ಒಗೆಯುತ್ತಿದ್ದಳು. ಹೊಲಕ್ಕೆ ಅಷ್ಟು ಜೋರಾಗಿ ಯಾರೂ ಊಟ ಕೊಟ್ಟಿರಲಿಕ್ಕಿಲ್ಲ.

ಬಂದು ಕೂತು ಉಂಡೆವು. ಹೆಸರು ಬಾರದ ಇನ್ನೂ ಇಬ್ಬರು ಹುಡುಗಿಯರು ಗೇಟಿನ ಹತ್ತಿರ ಅಳುತ್ತ ನಿಂತಿದ್ದರು, ಅವರನ್ನೂ ಕರೆದೆ. ಮೊಮ್ಮಗಳು ಮೊದಲು ಒಲ್ಲೆ ಎಂದಳು, ಆಮೇಲೆ ಹೋಳಿಗೆಗೆ ಕೈ ಹಾಕಿದಳು, ಆಮೇಲೆ ಇನ್ನೊಂದಕ್ಕೆ. ನಾನು ಅವಳ ಕಡೆ ನೋಡಲಿಲ್ಲ.

ಕೈ ತೊಳೆದ ಮೇಲೆ ಹೇಳಿದೆ. "ಹೋಗು, ಅವ್ರನ್ನ ಎತ್ತಿಕೊಂಡು ಬಾ."

"ಯಾರನ್ನ?"

"ಪಾಂಡವ್ರನ್ನ. ಅಲ್ಲಿ ಬ್ಯಾಡ ಇನ್ನ ಮ್ಯಾಲ."

"ಮುತ್ಯಾನ ಅವ್ವ ಏನಂತಾಳ?" ಎಂದಳು. ನನ್ನ ಅತ್ತೆಯನ್ನು ಅವಳು ನೋಡಿಲ್ಲ, ಮಾತಿನಲ್ಲಿ ಮಾತ್ರ ಬಲ್ಲಳು.

"ಅಂದ್ರ ನನಗ ಅಂತಾಳ. ಅನಿಸಿಕೊಂಡು ನನಗ ರೂಢಿ ಐತಿ. ನೀ ಎತ್ತು."

ಗ್ಯಾಲರಿಯ ಹಿಂದೆ ಮುರಿದ ಕುರ್ಚಿ, ಹಳೆ ಪೈಪುಗಳ ನಡುವೆ ನಮ್ಮ ಕಣದ ಕಲ್ಲಿನ ರೂಲು ಇನ್ನೂ ಬಿದ್ದಿದೆ. ಕಬ್ಬಿಣದ ರೋಲರ್ ಬಂದ ಮೇಲೆ ಅದನ್ನು ಅಲ್ಲಿಗೆ ಉರುಳಿಸಿದ್ದರು. ಅದರ ಪಕ್ಕದಲ್ಲಿ ಅವಳು ಐದೂ ಕಲ್ಲುಗಳನ್ನು ತಂದಿಟ್ಟಳು. ಧರ್ಮರಾಯನ ಸುಣ್ಣಕ್ಕೆ ಬಾಲಿನ ಗುರುತು ಹತ್ತಿತ್ತು, ಹೆಬ್ಬೆರಳಿನಿಂದ ಒರೆಸಿದಳು, ಹೋಗಲಿಲ್ಲ. ನನ್ನ ಮನಸ್ಸು ಅಳುಕಿತು, ಇಲ್ಲವೆನ್ನುವುದಿಲ್ಲ. ಆದರೆ ಹನ್ನೆರಡು ವರ್ಷ ಅಡವಿ ತಿರುಗಿದವರು, ಯಾರದೋ ಮನೆಯಲ್ಲಿ ಅಡಗಿ ಕೂತವರು. ಅವರಿಗೆ ಗ್ಯಾಲರಿಯ ಹಿಂದೆ ಕೂರುವುದು ಎಷ್ಟರದು. ಅರಕೇರಿಯವನು ಆಗಲೇ ಹೋಗಿ ಹಗ್ಗದ ಡೊಂಕು ತೆಗೆದಿದ್ದ.

"ಮತ್ತ ಯಾವಾಗಂತ ಇದು, ಆರಸೂದು?" ಎಂದು ಕೇಳಿದೆ.

"ಬರೂ ವರ್ಷ," ಎಂದಳು. ಬೂಟನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ನಡೆದಳು. "ನಾಳಿ ಮುಂಜಾನೆ ಲಗೂ ಎಬ್ಬಸು. ಪ್ರಾಕ್ಟೀಸ್ ಐತಿ."

ಅಂದರೆ ಕಾಲು ಇಲ್ಲೇ ಇರುತ್ತದೆ. ಇನ್ನೊಂದು ವರ್ಷ. ನಾನು ಸೆರಗು ಬಿಗಿದು ಖಾಲಿ ಬುಟ್ಟಿ ಎತ್ತಿಕೊಂಡೆ. ಗೇಟಿನಲ್ಲಿ ಪಾಳಿ ಬದಲಾಗಿ ಬೇರೆ ಯಾರೋ ಕೂತಿದ್ದ, ಮುಂಜಾನೆಯವನಲ್ಲ.

"ಏನೈತಿ ಬೇ ಬುಟ್ಟ್ಯಾಗ?" ಎಂದ.

"ಈಗ ಏನೂ ಇಲ್ಲ," ಎಂದೆ. "ಬರೂ ವರ್ಷ ಕೇಳು."